ಗೋಲಿ ಬಸಣ್ಣನ ಜಪಾನೀ ತಂಡ

ಆಕ್ಲೆಂಡಿನ ತಕಾನಿನಿಯ ಸಭಾಂಗಣದಲ್ಲಿ ಈ ಸಲದ ಗಣೇಶನ ಹಬ್ಬದ ಊಟಕ್ಕೆ ಸಾಲಿನಲ್ಲಿ ನಿಂತಿದ್ದಾಗ, ನನ್ನ ಕುತ್ತಿಗೆಯಲ್ಲಿದ್ದ ವಸ್ತ್ರವನ್ನು ಬಾಟನಿ ಡೌನ್ಸಿನ ರಾಮಮೂರ್ತಿ ಅಂಕಲ್ ಎರಡು ಬೆರಳಲ್ಲಿ ಹಿಡಿದು ನೋಡಿದರು. ನಾನು ಹ್ಯಾಮಿಲ್ಟನ್ನಿನಿಂದ ಗಂಟೆಗೂ ಮಿಕ್ಕಿ ಕಾರು ಓಡಿಸಿಕೊಂಡು ಹೋಗಿದ್ದೆ. ಸೆಪ್ಟೆಂಬರಿನ ಚಳಿ. ಹಿಂದಿನ ಸೀಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಇಳಿದಿದ್ದೆ. ಮಫ್ಲರಿನಷ್ಟು ಉದ್ದ, ಟವೆಲ್ಲಿನ ಬಟ್ಟೆ, ಹಸಿರು-ಬಿಳಿ ಪಟ್ಟೆ. ಎರಡೂ ತುದಿಯಲ್ಲಿ ಬೂಟು ಹಾಕಿಕೊಂಡು ಓಡುತ್ತಿರುವ ಒಂದು ಮೂಲಂಗಿ.

“ಇದೇನ್ರೀ, ತರಕಾರಿ ಅಂಗಡಿಯೋರು ಕೊಟ್ರಾ?” ಎಂದರು.

ನಮ್ಮ ತಂಡದ್ದು ಎಂದೆ. ಕ್ರಿಕೆಟ್ಟೇ ಎಂದರು. ಅಲ್ಲ, ಫುಟ್‌ಬಾಲು, ಜಪಾನಿನದು, ಸದ್ಯಕ್ಕೆ ಮೂರನೆಯ ದರ್ಜೆಯಲ್ಲಿದೆ ಎಂದೆ. ಅಂಕಲ್ ಒಂದು ಕ್ಷಣ ನನ್ನ ಮುಖ ನೋಡಿದರು. ಕೋಸಂಬರಿ ಮುಗಿದು ಹೋದೀತು ಅನ್ನುತ್ತ ಮುಂದಕ್ಕೆ ಸರಿದರು. ಅವರದೇನೂ ತಪ್ಪಿಲ್ಲ. ರಗ್ಬಿ ಬಿಟ್ಟರೆ ಬೇರೆ ಆಟವೇ ಇಲ್ಲ ಎಂದು ತಿಳಿದಿರುವ ಈ ದೇಶದಲ್ಲಿ, ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಎಂದು ತಿಳಿದಿರುವ ನಮ್ಮ ಜನರ ನಡುವೆ, ಜಪಾನಿನ ಸಣ್ಣ ಊರೊಂದರ ಸೋಲುವ ತಂಡಕ್ಕಾಗಿ ಮೂಲಂಗಿ ಸುತ್ತಿಕೊಂಡು ನಿಂತವನನ್ನು ಯಾರಾದರೂ ಎಷ್ಟು ಹೊತ್ತು ಮಾತಾಡಿಸಿಯಾರು? ಆದರೆ ನಿಮಗೆ ಹೇಳಬಹುದು. ನಿಮಗೆ ಕೋಸಂಬರಿಯ ಅವಸರವಿಲ್ಲ ಎಂದುಕೊಂಡಿದ್ದೇನೆ.

ಇದನ್ನು ಮನೆಗೆ ತಂದವಳು ನನ್ನ ಮಗಳು ಇಂಚರ. ಹಕ್ಕಿಯ ದನಿಯ ಹಾಗೆ ಇಂಪಾಗಿರಲಿ ಎಂದು ನಾನು, ರೇಖಾ ಎರಡು ವಾರ ಯೋಚಿಸಿ ಇಟ್ಟ ಹೆಸರು. ಇಲ್ಲಿನ ಶಾಲೆಯವರು ಮೊದಲ ದಿನವೇ ಅದನ್ನು ಮೊಟಕು ಮಾಡಿ ‘ಇಂಚ್’ ಎಂದರು. ಆ ಇಂಚು ಹದಿನೈದು ತುಂಬುವ ಹೊತ್ತಿಗೆ ಐದಡಿ ಹತ್ತಿಂಚಾಗಿ ಬೆಳೆದು ನಿಂತಿತು. ಅಷ್ಟು ಉದ್ದದ ಹುಡುಗಿಯನ್ನು ಬೇರೆಲ್ಲಿ ನಿಲ್ಲಿಸುವುದು ಎಂದು ಶಾಲೆಯ ಕೋಚು ಅವಳನ್ನು ಫುಟ್‌ಬಾಲ್ ತಂಡದ ಗೋಲಿನಲ್ಲಿ ನಿಲ್ಲಿಸಿದಳು.

ಇಂಚರಳಿಗೆ ಕನ್ನಡ ಅರ್ಥವಾಗುತ್ತದೆ. ಬೈದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಅದೂ ಇಲ್ಲಿನವರ ಹಾಗೆ ಸ್ವರಗಳನ್ನೆಲ್ಲ ನುಂಗಿದ ಇಂಗ್ಲಿಷು. ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಜಪಾನೀ ತೆಗೆದುಕೊಂಡಿದ್ದಳು. ಒಂದು ವರ್ಷ ಏಪ್ರಿಲಿನಲ್ಲಿ ಶಾಲೆಯವರು ಆರೇಳು ಮಕ್ಕಳನ್ನು ಆರು ವಾರದ ಮಟ್ಟಿಗೆ ಜಪಾನಿನ ಒಂದು ಸಣ್ಣ ಊರಿಗೆ ಕಳಿಸಿದರು. ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾನು ಹೇಗೆ ಬರೆದರೂ ಅದು ತಪ್ಪು ಎಂದು ಇಂಚರ ತಿದ್ದುತ್ತಾಳೆ. ಅಲ್ಲಿ ಅವಳು ಉಳಿದದ್ದು ಸಚಿಕೊ ಎಂಬಾಕೆಯ ಮನೆಯಲ್ಲಿ. ಮುಂದೆ ತೋಫು ಅಂಗಡಿ, ಹಿಂದೆ ಮನೆ. ನನ್ನ ವಯಸ್ಸಿನವಳೇ, ಬೆಳಗ್ಗೆ ಬೇಗ ಎದ್ದು ಸೋಯಾ ಕಾಳು ರುಬ್ಬುವ ಗಟ್ಟಿ ಹೆಂಗಸು.

ಮೂಗು ಹಿಡಿದರೂ ಬಾಯಿ ಬಿಡದ ಹುಡುಗಿಯಾಗಿ ಹೋದವಳು ಕುತ್ತಿಗೆಗೆ ಮೂಲಂಗಿ ಸುತ್ತಿಕೊಂಡು, ತಲೆತುಂಬ ಅಭಿಪ್ರಾಯಗಳನ್ನು ಹೊತ್ತುಕೊಂಡು ಬಂದಳು. ಊಟಕ್ಕೆ ಮೊದಲು ಕೈ ಜೋಡಿಸಿ ಜಪಾನೀಯಲ್ಲಿ ಏನೋ ಹೇಳಿದಳು, ಮುಗಿಸಿದ ಮೇಲೆ ಇನ್ನೇನೋ ಹೇಳಿದಳು. ರೇಖಾ ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ನರ್ಸು, ಮೈಸೂರಿನವಳು, ಸುಲಭಕ್ಕೆ ನೊಂದುಕೊಳ್ಳುವವಳಲ್ಲ. ಅವತ್ತು ಪಾತ್ರೆ ತೊಳೆಯುತ್ತ ನನಗೆ ಹೇಳಿದಳು: “ಹದ್ನೈದು ವರ್ಷದಿಂದ ಸಾರು ಬಡಿಸ್ತಿದೀನಿ. ‘ಅಮ್ಮ, ಇನ್ನೊಂಚೂರು ಹಾಕು’ ಅಂತ ಒಂದಿನ ಕನ್ನಡದಲ್ಲಿ ಕೇಳಿಲ್ಲ. ಆರು ವಾರಕ್ಕೆ ಆ ಸಚಿಕೊ ಅದ್ಹೇಗೆ ಕಲಿಸಿದ್ಲು?”

ಸಚಿಕೊ ಕಲಿಸಿದ್ದು ಅಷ್ಟೇ ಅಲ್ಲ. ಆ ಊರಿಗೊಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿತ್ತು, ಓಡುವ ಮೂಲಂಗಿ ಅದರ ಗುರುತು. ಬಹಳ ಹಿಂದೆ ಅದು ಊರಿನ ಕಾಗದದ ಕಾರ್ಖಾನೆಯ ಕೆಲಸಗಾರರ ತಂಡವಂತೆ. ಆಮೇಲೆ ಕ್ಷೌರದವರು, ಬೇಕರಿಯವರು, ದಂತವೈದ್ಯರು, ತೋಫು ಮಾರುವವರು ಎಲ್ಲ ಸೇರಿ ಅದನ್ನು ಊರಿನ ತಂಡ ಮಾಡಿಕೊಂಡರಂತೆ. ಮೈದಾನದ ಒಂದು ಬದಿಗೆ ಮಾತ್ರ ಕುರ್ಚಿ. ಇನ್ನೊಂದು ಬದಿ ಹುಲ್ಲಿನ ದಿಬ್ಬ, ಅಲ್ಲಿ ಜನ ಚಾಪೆ ಹಾಸಿ, ಡಬ್ಬಿ ಬಿಚ್ಚಿ, ಅಜ್ಜಿಯರನ್ನು ಕೂರಿಸಿಕೊಂಡು ಆಟ ನೋಡುತ್ತಾರೆ. ಆಟಗಾರರು ಪೇಟೆಯಲ್ಲಿ ಸಿಕ್ಕರೆ ಸಚಿಕೊ ನಿಲ್ಲಿಸಿ, ಮೊನ್ನೆ ಆ ಚೆಂಡನ್ನು ಯಾಕೆ ಹಾಗೆ ಕೊಟ್ಟೆ ಎಂದು ವಿಚಾರಿಸುತ್ತಾಳೆ. ಅವರು ತಲೆ ತಗ್ಗಿಸಿ ಕೇಳುತ್ತಾರೆ. ತಂಡ ಗೆದ್ದ ಮರುದಿನ ಗಿರಾಕಿಗಳಿಗೆ ಒಂದು ತುಂಡು ತೋಫು ಹೆಚ್ಚಿಗೆ ಹಾಕುವುದು ಅವಳ ಪದ್ಧತಿ. ಇಂಚರ ಇದ್ದ ಆರು ವಾರದಲ್ಲಿ ಹೆಚ್ಚಿನ ತುಂಡು ಸಿಕ್ಕಿದ್ದು ಒಂದೇ ಸಲ.

ಇದನ್ನೆಲ್ಲ ಇಂಚರ ಹೇಳುವಾಗ ನಾನು ಹೂಂಗುಟ್ಟುತ್ತಿದ್ದೆ. ಅವಳಿಗೆ ಹೇಳಬೇಕಾದ ಒಂದು ಸಂಗತಿ ನನ್ನ ಗಂಟಲ ತನಕ ಬಂದು ವಾಪಸು ಹೋಗುತ್ತಿತ್ತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ. ಅಪ್ಪ ಅಲ್ಲಿನ ಕಾಗದದ ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಿದ್ದ, ಮತ್ತು ಕಾರ್ಖಾನೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ. ಊರೆಲ್ಲ ಅವನನ್ನು ಗೋಲಿ ಬಸಣ್ಣ ಎಂದು ಕರೆಯುತ್ತಿತ್ತು. ನಾಲ್ಕೈದು ವರ್ಷದ ತನಕ ನಾನು ಅಪ್ಪ ಗೋಲಿಯಾಟದಲ್ಲಿ ದೊಡ್ಡ ಪಟು ಎಂದೇ ತಿಳಿದಿದ್ದೆ. ಅವನ ಕಿಸೆಯಲ್ಲಿ ಗೋಲಿಗಳಿಗಾಗಿ ಹುಡುಕಿ ಬೀಡಿಯ ಕಟ್ಟು ಸಿಕ್ಕಿ ನಿರಾಶನಾಗುತ್ತಿದ್ದೆ.

ನನಗೆ ಎಂಟು ವರ್ಷವಾದಾಗ ಅಪ್ಪ ಆಟ ಬಿಟ್ಟಿದ್ದ. ನನ್ನನ್ನು ತಯಾರು ಮಾಡಲು ನಿಂತ. ಸಂಜೆ ಪಾಳಿ ಮುಗಿಸಿ ಬಂದವನೇ ಕಾರ್ಖಾನೆಯ ಬಿದಿರಿನ ರಾಶಿಗಳ ಹಿಂದಿನ ಬಯಲಿಗೆ ಕರೆದೊಯ್ದು, ಎರಡು ಬಿದಿರು ನೆಟ್ಟು, ನಡುವೆ ನನ್ನನ್ನು ನಿಲ್ಲಿಸಿ ಚೆಂಡು ಒದೆಯುತ್ತಿದ್ದ. ಬರುವವರಿಗೆ ದಾರಿ ಬಿಡುವುದು ನನ್ನ ಹುಟ್ಟು ಸ್ವಭಾವ. ಚೆಂಡು ಬಲಕ್ಕೆ ಬಂದರೆ ಎಡಕ್ಕೆ, ಎಡಕ್ಕೆ ಬಂದರೆ ಬಲಕ್ಕೆ ಸರಿದು ಮರ್ಯಾದೆಯಿಂದ ಒಳಗೆ ಬಿಡುತ್ತಿದ್ದೆ. ಅಪ್ಪ ಬೈಯುತ್ತಿರಲಿಲ್ಲ. ಚೆಂಡು ತಂದು ಮತ್ತೆ ಒದೆಯುತ್ತಿದ್ದ. ಹೀಗೆ ಒಂದು ವರ್ಷ ನಡೆಯಿತು. ಕೊನೆಗೊಂದು ದಿನ ನಾನು ಎತ್ತ ಸರಿಯಬೇಕೆಂದು ತೋಚದೆ ನಿಂತಲ್ಲೇ ನಿಂತೆ. ಚೆಂಡು ನೇರ ಮುಖಕ್ಕೆ ಬಿತ್ತು. ಚಷ್ಮಾ ಎರಡು ತುಂಡಾಯಿತು. ಅಪ್ಪ ಕೂತು ಗಾಜಿನ ಚೂರುಗಳನ್ನೆಲ್ಲ ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡ. ಮರುದಿನದಿಂದ ನನ್ನನ್ನು ಬಯಲಿಗೆ ಕರೆಯಲಿಲ್ಲ.

ಅಪ್ಪ ನನ್ನ ಕೈ ಬಿಟ್ಟ ಎಂದು ನಾನು ತಿಳಿದುಕೊಂಡೆ. ಓದಿನಲ್ಲಿ ಬಿದ್ದೆ, ಎಂಜಿನಿಯರ್ ಆದೆ, ಈಗ ಹ್ಯಾಮಿಲ್ಟನ್ನಿನ ಹತ್ತಿರ ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಯಂತ್ರಗಳು ಕೆಡದಂತೆ ನೋಡಿಕೊಳ್ಳುತ್ತೇನೆ. ನನ್ನ ಮನೆಯಲ್ಲಿ ಫುಟ್‌ಬಾಲಿನ ಮಾತೇ ಇರಲಿಲ್ಲ. ಮಗಳು ಗೋಲಿನಲ್ಲಿ ನಿಂತಾಗಲೂ, ನಿನ್ನ ಅಜ್ಜ ಹೀಗಿದ್ದ ಎಂದು ಹೇಳಲು ಹೊರಟರೆ, ಹಾಗಾದರೆ ನೀನು ಎಂದು ಕೇಳುತ್ತಾಳಲ್ಲ ಅನ್ನಿಸಿ ಸುಮ್ಮನಾಗುತ್ತಿದ್ದೆ.

ಇಂಚರ ಜಪಾನಿಗೆ ಹೋಗಿ ಬಂದ ವರ್ಷವೇ ಅಕ್ಟೋಬರಿನಲ್ಲಿ ಅಪ್ಪ ನಮ್ಮಲ್ಲಿಗೆ ಮೂರು ತಿಂಗಳಿಗೆ ಬಂದ. ಎಪ್ಪತ್ಮೂರು ವರ್ಷ. ಅವ್ವ ಹೋದ ಮೇಲೆ ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದ, ಅಲ್ಲಿ ಅವನಿಗೆ ನೂರು ಕೆಲಸ, ನೂರು ಗೆಳೆಯರು. ಇಲ್ಲಿ ಬಂದು ಕಿಟಕಿಯ ಹತ್ತಿರ ಕೂತ. ನಾನು, ರೇಖಾ ಕೆಲಸಕ್ಕೆ ಹೋದರೆ ಮಧ್ಯಾಹ್ನ ಮನೆಯಲ್ಲಿ ಅಜ್ಜ, ಮೊಮ್ಮಗಳು ಇಬ್ಬರೇ. ಆಕೆ ಶಾಲೆಯಿಂದ ಬಂದು “ಹಾಯ್ ಅಜ್ಜ” ಅನ್ನುತ್ತಿದ್ದಳು. ಆತ “ಹೂಂ, ಬಂದ್ಯಾ ಅವ್ವಿ” ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಇದ್ದ ಹಾಗೆ ಎರಡು ವಾರ ಇದ್ದರು. ಒಂದು ದಿನ ಅಪ್ಪ ನನ್ನನ್ನು ಮೆಲ್ಲಗೆ ಕೇಳಿದ, ಟಿಕೀಟಿನ ತಾರೀಖು ಹಿಂದಕ್ಕೆ ಹಾಕಲಿಕ್ಕೆ ಬರುತ್ತದೇನು ಎಂದು. ನೋಡೋಣ ಅಪ್ಪಾ, ಮೊದಲು ನಿನಗೆ ಟಾಪೊ ಸರೋವರ ತೋರಿಸುತ್ತೇನೆ ಎಂದೆ.

ಶನಿವಾರ ನಾಲ್ವರೂ ಹೊರಟೆವು. ಅಪ್ಪ ಮುಂದಿನ ಸೀಟಿನಲ್ಲಿ ಮಂಕಿ ಟೋಪಿ ಹಾಕಿಕೊಂಡು ನಿದ್ದೆ ಹೋದ. ಹಿಂದೆ ಇಂಚರ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡಿದ್ದಳು. ಒಂದು ಗಂಟೆಯ ದಾರಿ ಕಳೆದು ಟೊಕೊರೊವಾ ಎಂಬ ಊರು ದಾಟುತ್ತಿದ್ದೆವು. ಅಲ್ಲಿ ಪೈನ್ ಮರದಿಂದ ಕಾಗದದ ತಿರುಳು ಮಾಡುವ ಕಾರ್ಖಾನೆಯಿದೆ. ಗಾಳಿ ನಮ್ಮ ಕಡೆ ಬೀಸಿದರೆ ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ಬರುತ್ತದೆ. ಎಲೆಕೋಸು ಬೇಯಿಸಿ, ಎರಡು ದಿನ ಮುಚ್ಚಿಟ್ಟು, ಮುಚ್ಚಳ ತೆಗೆದ ಹಾಗೆ. ರೇಖಾ ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳನ್ನೇ ಮೂಗಿಗೆ ಒತ್ತಿಕೊಂಡಳು.

ಅಪ್ಪನಿಗೆ ಎಚ್ಚರವಾಯಿತು. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ.

“ಊರು ಬಂತೇನು?” ಎಂದ.

ಯಾರೂ ಉತ್ತರಿಸುವ ಮೊದಲೇ ಹಿಂದಿನ ಸೀಟಿನಿಂದ ಇಂಚರ ಹೆಡ್‌ಫೋನು ತೆಗೆದು, ವಾಸನೆ ಥೇಟ್ ಸಚಿಕೊಳ ಊರಿನ ಹಾಗೇ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಪ್ಪ ಟೋಪಿ ಸರಿಸಿಕೊಂಡು ಹಿಂದಕ್ಕೆ ತಿರುಗಿದ. ಏನಂತಾಳ ಆಕಿ ಎಂದು ನನ್ನನ್ನು ಕೇಳಿದ. ನಾನು ಹೇಳಿದೆ: ಇವಳು ಇದ್ದು ಬಂದ ಜಪಾನಿನ ಊರಿನಲ್ಲೂ ಕಾಗದದ ಕಾರ್ಖಾನೆಯಿದೆ, ಅಲ್ಲಿಯೂ ಹೀಗೇ ವಾಸನೆ ಬರುತ್ತದೆ, ಅಲ್ಲಿನ ಫುಟ್‌ಬಾಲ್ ತಂಡ ಕಾರ್ಖಾನೆಯ ತಂಡವೇ ಆಗಿತ್ತು, ಇವಳು ಅದರ ಅಭಿಮಾನಿ. ಒಂದೇ ಉಸಿರಿಗೆ ಇಷ್ಟು ಹೇಳಿ, ಸ್ಟಿಯರಿಂಗು ಗಟ್ಟಿಯಾಗಿ ಹಿಡಿದು, ಉಳಿದದ್ದನ್ನೂ ಹೇಳಿಬಿಟ್ಟೆ. ಇಂಚರ ತನ್ನ ಶಾಲೆಯ ತಂಡದ ಗೋಲ್‌ಕೀಪರ್ ಎಂದೆ. ಕನ್ನಡಿಯಲ್ಲಿ ಮಗಳನ್ನು ನೋಡುತ್ತ, ನಿನ್ನ ಅಜ್ಜನೂ ಗೋಲ್‌ಕೀಪರ್ ಎಂದೆ.

ಆಮೇಲೆ ಅಪ್ಪ ಸೀಟಿನ ಸಂದಿನಿಂದ ತನ್ನ ಬಲಗೈಯನ್ನು ಹಿಂದಕ್ಕೆ ಚಾಚಿ, “ಕೈ ತೋರಸು ಅವ್ವಿ” ಎಂದ. ಅವಳು ತೋರಿಸಿದಳು. ಅಂಗೈಗೆ ಅಂಗೈ ಇಟ್ಟು ಅಳತೆ ನೋಡಿದ. ಮೊಮ್ಮಗಳ ಬೆರಳು ಅರ್ಧ ಗೆಣ್ಣು ಹೆಚ್ಚು ಉದ್ದವಿತ್ತು. “ಛಲೋ ಅದಾವ ಕೈ,” ಎಂದು ಮುಂದಕ್ಕೆ ತಿರುಗಿ ಕೂತ. ಟಾಪೊ ಸರೋವರವನ್ನು ಆ ದಿನ ಅವರಿಬ್ಬರೂ ಸರಿಯಾಗಿ ನೋಡಿದರೆಂದು ನನಗೆ ಅನ್ನಿಸುವುದಿಲ್ಲ. ದಡದಲ್ಲಿ ಕೂತು ಅಪ್ಪ ಒಂದು ಉರುಟು ಕಲ್ಲು ಹಿಡಿದು, ಬೆರಳು ಹೇಗಿರಬೇಕೆಂದು ತೋರಿಸುತ್ತಿದ್ದ. ಟಿಕೀಟಿನ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ನಮ್ಮ ಹಿತ್ತಲಿನ ಹುಲ್ಲು ಹಾಳಾಯಿತು. ಬಟ್ಟೆ ಒಣಗಿಸುವ ಕಂಬ ಒಂದು ಗೋಲು ಗೂಟ, ನಿಂಬೆ ಗಿಡ ಇನ್ನೊಂದು. ಅಪ್ಪ ಕುರ್ಚಿಯಲ್ಲಿ ಕೂತೇ ಚೆಂಡು ಎಸೆಯುತ್ತಿದ್ದ, ಅವಳು ಬಿದ್ದು ಹಿಡಿಯುತ್ತಿದ್ದಳು. ಆತ ಕನ್ನಡದಲ್ಲಿ ಹೇಳುತ್ತಿದ್ದ, ಆಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ಇಬ್ಬರೂ ಮಧ್ಯೆ ಜಪಾನೀ ಬೆರೆಸುತ್ತಿದ್ದರು. ಅದು ಹೇಗೆ ಬಂತು ಕೇಳಿ.

ಆ ಕ್ಲಬ್ಬಿನ ಆಟ ನಮ್ಮ ಟೀವಿಯಲ್ಲಿ ಬರುವಂಥದ್ದಲ್ಲ. ತಂಡ ಪರ ಊರಿನಲ್ಲಿ ಆಡುವ ದಿನ ಸಚಿಕೊ ತನ್ನ ಮನೆಯ ಟೀವಿಯ ಎದುರಿಗೆ ಟ್ಯಾಬ್ಲೆಟ್ಟನ್ನು ಸಾಸಿನ ಬಾಟಲಿಗೆ ಒರಗಿಸಿ ವಿಡಿಯೊ ಕರೆ ಮಾಡುತ್ತಿದ್ದಳು. ಅಂದರೆ ನಾವು ನೋಡುತ್ತಿದ್ದದ್ದು ಪರದೆಯ ಒಳಗಿನ ಪರದೆ. ಆಟಗಾರರು ಇರುವೆಗಳು. ಚೆಂಡು ಇದೆ ಎಂದು ನಂಬಿಕೊಳ್ಳಬೇಕು. ಅಲ್ಲಿ ಮಧ್ಯಾಹ್ನ ಎರಡಾದರೆ ನಮಗೆ ಸಂಜೆ ಆರು, ಚಹಾದ ಹೊತ್ತು. ಹರೆಯದಲ್ಲಿ ರೇಡಿಯೋ ಕೇಳಿ ರೂಢಿಯಿದ್ದ ಅಪ್ಪನಿಗೆ ಚೆಂಡು ಕಾಣದಿದ್ದರೂ ತೊಂದರೆಯಿರಲಿಲ್ಲ. ಕಣ್ಣು ಮುಚ್ಚಿ ಜನರ ಗದ್ದಲ ಕೇಳುತ್ತ, ಈಗ ಎಡಗಡೆಯಿಂದ ಹೊಂಟಾರ, ಈಗ ತಪ್ಪಿತು ಅನ್ನುತ್ತಿದ್ದ. ಹೆಚ್ಚಾಗಿ ಸರಿಯಾಗಿರುತ್ತಿತ್ತು.

ಒಂದು ಸಂಜೆ ನನ್ನನ್ನು ಕೇಳಿದ: “ಅಲ್ಲೋ ತಮ್ಮಾ, ಇವ್ರು ‘ಗಂಭೀರಾ, ಗಂಭೀರಾ’ ಅಂತ ಯಾಕ ಒದರಾಕತ್ತಾರ?”

ಇಂಚರ ನಕ್ಕು ನಕ್ಕು ಸೋಫಾದಿಂದ ಕೆಳಗಿಳಿದಳು. ಅದು ‘ಗಂಬಾರೆ’, ಬಿಡಬೇಡ, ಇನ್ನೂ ಕಷ್ಟಪಡು ಎಂದು ಹುರಿದುಂಬಿಸುವ ಮಾತು. ಅಪ್ಪನಿಗೆ ಅದು ತಿಳಿದ ಮೇಲೂ ಗಂಭೀರವೇ ಹಿಡಿಸಿತು. ಮುಂದಿನ ಸಲ ನಮ್ಮ ಟ್ಯಾಬ್ಲೆಟ್ಟಿನ ಹತ್ತಿರ ಬಾಯಿಟ್ಟು ಎರಡು ಸಲ ಗಂಭೀರಾ ಎಂದ. ಆ ಕಡೆ ಸಚಿಕೊ ಎದ್ದು ನಿಂತು ತಲೆಬಾಗಿ ವಂದಿಸಿದಳು. ಅವಳು ಅಪ್ಪನನ್ನು ಜಪಾನೀ ಮರ್ಯಾದೆಯ ಬಾಲ ಸೇರಿಸಿ ‘ಅಜ್ಜ-ಸಾನ್’ ಎಂದು ಕರೆಯತೊಡಗಿದ್ದಳು. ಒಮ್ಮೆ ಇಂಚರಳ ಮೂಲಕ ಕೇಳಿ ಕಳಿಸಿದಳು: ನಿಮ್ಮ ಊರಿನಲ್ಲಿ ಯಾವುದರಿಂದ ಕಾಗದ ಮಾಡುತ್ತಿದ್ದಿರಿ? ಬಿದಿರಿನಿಂದ ಎಂದು ಹೇಳಿದಾಗ ಅವಳ ಕಣ್ಣು ಅಗಲವಾಯಿತು. ಅಪ್ಪನ ಎದೆಯೂ ಅಗಲವಾಯಿತು.

ಆದರೆ ತಂಡ ಸೋಲುತ್ತಲೇ ಹೋಯಿತು. ನವೆಂಬರಿನ ಕೊನೆಯ ಆಟದ ಹೊತ್ತಿಗೆ ಎರಡನೆಯ ದರ್ಜೆಯ ಪಟ್ಟಿಯಲ್ಲಿ ಬುಡದ ಹತ್ತಿರ ಬಂದಿತ್ತು. ಸೋಲದಿದ್ದರೆ ಉಳಿಯುತ್ತದೆ, ಸೋತರೆ ಮೂರನೆಯ ದರ್ಜೆಗೆ ಇಳಿಯುತ್ತದೆ. ಇಂಚರಳಿಗೆ ಮರುದಿನ ಗಣಿತದ ಪರೀಕ್ಷೆ. ರೇಖಾ ಪುಸ್ತಕ ಹಿಡಿದು ಬಂದವಳು ಮುಖಗಳನ್ನು ನೋಡಿ ಅಲ್ಲೇ ಕೂತಳು. ಅದು ಅವರ ಸ್ವಂತ ಮೈದಾನದ ಆಟ, ಸಚಿಕೊ ಹುಲ್ಲಿನ ದಿಬ್ಬದಲ್ಲಿ ಫೋನು ಎತ್ತಿ ಹಿಡಿದಿದ್ದಳು. ನಮಗೆ ಕಾಣುತ್ತಿದ್ದದ್ದು ಅರ್ಧ ಮೈದಾನ, ಅರ್ಧ ಅವಳ ಹೆಬ್ಬೆರಳು.

ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂತು. ಇನ್ನು ನಾಲ್ಕೋ ಐದೋ ನಿಮಿಷ. ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ಚಿತ್ರ ನಿಂತುಹೋಯಿತು, ಶಬ್ದ ಮಾತ್ರ ಬರುತ್ತಿತ್ತು. ತಮಟೆಯ ಸದ್ದು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿತು. “ಹೋತು,” ಎಂದ ಅಪ್ಪ. ಇಂಚರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಚಿತ್ರ ವಾಪಸು ಬಂದಾಗ ಆಟ ಮುಗಿದಿತ್ತು. ಅಷ್ಟರಲ್ಲಿ ಚಪ್ಪಾಳೆ ಶುರುವಾಯಿತು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ದಿಬ್ಬದ ತುಂಬ. ಆಟಗಾರರು ಸಾಲಾಗಿ ಬಂದು ಜನರ ಮುಂದೆ ತಲೆ ಬಾಗಿಸಿ ನಿಂತಿದ್ದರು. ಕೊನೆಯಲ್ಲಿದ್ದ ಗೋಲ್‌ಕೀಪರ್ ತಲೆ ಎತ್ತಲೇ ಇಲ್ಲ. ಜನ ಅವನ ಹೆಸರನ್ನು ಹಿಡಿದು ಕೂಗುತ್ತಿದ್ದರು.

ಅಪ್ಪ ಗಲಿಬಿಲಿಗೊಂಡು, “ಗೆದ್ರೇನು?” ಎಂದ.

“ಇಲ್ಲ ಅಜ್ಜ, ಸೋತರು,” ಎಂದಳು ಇಂಚರ.

ಅವಳು ಅದನ್ನು ಕನ್ನಡದಲ್ಲಿ ಹೇಳಿದಳೆಂದು ಆಗ ನಮಗ್ಯಾರಿಗೂ ಗೊತ್ತಾಗಲಿಲ್ಲ. ರೇಖಾಗೆ ಮರುದಿನ ಬಟ್ಟೆ ಒಣಹಾಕುವಾಗ ಹೊಳೆಯಿತು.

ಸೋತವರಿಗೆ ಚಪ್ಪಾಳೆ ಯಾಕೆ ಎಂದು ಅಪ್ಪ ಕೇಳಲಿಲ್ಲ. ಬಹಳ ಹೊತ್ತು ಆ ಗೋಲ್‌ಕೀಪರನನ್ನೇ ನೋಡಿದ. ಕರೆ ಮುಗಿದ ಮೇಲೆ, ಚಹಾ ಆರಿಹೋಗಿದ್ದ ಬಟ್ಟಲನ್ನು ಹಿಡಿದುಕೊಂಡು, ನಾನು ಹುಟ್ಟಿದಂದಿನಿಂದ ಕೇಳಿರದ ಒಂದು ಕಥೆ ಹೇಳಿದ.

ನಾನು ಎರಡು ವರ್ಷದ ಮಗುವಾಗಿದ್ದಾಗಿನ ಮಾತು. ದಾಂಡೇಲಿಯಲ್ಲಿ ಒಂದು ದೊಡ್ಡ ಪಂದ್ಯಾವಳಿ ನಡೆದಿತ್ತು. ಫೈನಲ್ಲಿಗೆ ಕಾರ್ಖಾನೆಯ ತಂಡ, ಗೋವಾದಿಂದ ಬಂದ ಒಂದು ತಂಡ. ಊರಿಗೆ ಊರೇ ಬಂದು ನಿಂತಿತ್ತು. ಕೊನೆಯ ನಿಮಿಷದಲ್ಲಿ ಒಂದು ಚೆಂಡು ಅಪ್ಪನ ಕಾಲ ಸಂದಿಯಿಂದ ಒಳಗೆ ಹೋಯಿತು. ಅಪ್ಪ ಬಿದಿರಿನ ರಾಶಿಗಳ ಹಿಂದಿನ ದಾರಿ ಹಿಡಿದು, ಯಾರಿಗೂ ಮುಖ ತೋರಿಸದೆ ಮನೆಗೆ ಬಂದ. ಮರುದಿನ ಕಾರ್ಖಾನೆಗೆ ಹೋದರೆ ಯಾರೂ ಒಂದು ಮಾತೂ ಆಡಲಿಲ್ಲ. ನೋವಾದೀತೆಂದು ಆಡಲಿಲ್ಲ. ಅದರ ಮರುದಿನವೂ ಇಲ್ಲ, ಆಮೇಲೂ ಇಲ್ಲ.

“ಯಾರಾರ ಬೈದಿದ್ರ ಛಲೋ ಇತ್ತು,” ಎಂದ ಅಪ್ಪ. “ಎಲ್ಲಾರೂ ಒಳ್ಳೇವ್ರು. ಒಬ್ರೂ ಕೇಳಲಿಲ್ಲ.”

ರೇಖಾ ಅಪ್ಪನ ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡಳು. ನಾವಿಬ್ಬರೂ ಆ ಕಾರ್ಖಾನೆಯ ಒಳ್ಳೆಯ ಜನರ ಹಾಗೆಯೇ ಸುಮ್ಮನಾಗುತ್ತಿದ್ದೆವು. ಆದರೆ ಇಂಚರ ಎದ್ದು ಅಡುಗೆಮನೆಗೆ ಹೋಗಿ, ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ, ನಾಲ್ಕು ಚಮಚ, ಒಂದು ನಿಂಬೆಹಣ್ಣು ತಂದು ಅಜ್ಜನ ಮುಂದೆ ಮೇಜಿನ ಮೇಲೆ ಇಟ್ಟಳು. ಚೆಂಡು ಯಾವ ಕಡೆಯಿಂದ ಬಂತು ಎಂದು ಕೇಳಿದಳು. ಅಪ್ಪ ಉಪ್ಪಿನಕಾಯಿ ಬಾಟಲಿಯನ್ನು ಬಲಕ್ಕೆ ಸರಿಸಿದ. ನೆಲ ಒದ್ದೆಯಿತ್ತೇ ಎಂದು ಕೇಳಿದಳು. ಇತ್ತು. ಕೈಗವಸು? ಆಗೆಲ್ಲಿಯ ಕೈಗವಸು. ನಿನ್ನ ತಂಡದವನೊಬ್ಬ ಅಡ್ಡ ನಿಂತಿದ್ದನೇ? ಅಪ್ಪ ಒಂದು ಚಮಚ ತೆಗೆದು ನಿಂಬೆಹಣ್ಣಿನ ಮುಂದಿಟ್ಟ. ಅವನ ಹೆಸರೂ ಹೇಳಿದ. ಹೀಗೆ ಅರ್ಧ ಗಂಟೆ ಆ ಗೋಲನ್ನು ಒಂದೊಂದೇ ಚಮಚ ಸರಿಸಿ ಪರೀಕ್ಷಿಸಿದರು. ಕೊನೆಗೆ ನನ್ನ ಮಗಳು ತೀರ್ಪು ಕೊಟ್ಟಳು: ಅಡ್ಡ ನಿಂತವನಿಂದಾಗಿ ಚೆಂಡು ಕಂಡದ್ದೇ ತಡವಾಗಿ, ಒದ್ದೆ ನೆಲದಲ್ಲಿ ಅದು ಜಾರಿ ವೇಗವಾಗಿ ಬಂದಿದೆ, ಪಾದಗಳು ಇನ್ನೂ ಸ್ವಲ್ಪ ಹತ್ತಿರ ಇರಬೇಕಿತ್ತು, ಅಷ್ಟು ತಪ್ಪು ನಿನ್ನದು, ಉಳಿದದ್ದು ನಿನ್ನದಲ್ಲ. ನಾನು ಅನುವಾದಿಸಿದೆ. ಅಪ್ಪ ತನ್ನ ಚಪ್ಪಲಿಯಿಲ್ಲದ ಪಾದಗಳನ್ನು ಮೇಜಿನ ಕೆಳಗೆ ಒಂದಕ್ಕೊಂದು ಹತ್ತಿರ ತಂದು ನೋಡಿದ.

“ಖರೇ,” ಎಂದ. “ಇಷ್ಟ ಬಿಟ್ಟಿದ್ದೆ.”

ನಲವತ್ತು ವರ್ಷ ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ.

ಇಂಚರ ಓದಲು ಹೋದ ಮೇಲೆ ಅಪ್ಪ ಚಮಚಗಳನ್ನು ಒಟ್ಟು ಮಾಡುತ್ತ, ನನ್ನ ಮುಖ ನೋಡದೆ ಹೇಳಿದ: “ಆ ಗೋಲು ನಿನ್ನ ಕೈಲೆ ತಡೀಬೇಕಂತ ಮಾಡಿದ್ದೆ ತಮ್ಮಾ. ನಿನ್ನ ಚಷ್ಮಾ ಒಡದ ದಿನ ನನಗ ಬುದ್ಧಿ ಬಂತು. ಹುಡುಗಂದೇನು ತಪ್ಪೈತಿ ಅಂತ ಬಿಟ್ಟೆ.”

ನಾನು ಹೂಂ ಎಂದೆ. ಕೈ ಬಿಟ್ಟ ಎಂದು ನಾನು ಇಷ್ಟು ವರ್ಷ ತಿಳಿದಿದ್ದದ್ದು ಕೈ ಬಿಟ್ಟದ್ದಲ್ಲ, ಬಿಡುಗಡೆ ಮಾಡಿದ್ದು. ಗಣಿತದ ಪರೀಕ್ಷೆಯಲ್ಲಿ ಇಂಚರಳಿಗೆ ಸಾಧಾರಣ ಅಂಕ ಬಂತು. ಆ ವಿಷಯದಲ್ಲಿ ರೇಖಾ ಯಾರಿಗೂ ಒಂದು ಮಾತೂ ಅನ್ನಲಿಲ್ಲ.

ಮರುವರ್ಷ ಅಪ್ಪ ತಾನಾಗಿಯೇ ಮತ್ತೆ ಬಂದ. ಜೂನಿನಿಂದ ಶುರುವಾಗುವ ಇಲ್ಲಿನ ಚಳಿಗಾಲವಿಡೀ ಶನಿವಾರ ಮುಂಜಾನೆ ಇಂಚರಳ ಗೋಲಿನ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಕಾಲು, ಕಾಲು ಅನ್ನುತ್ತಿದ್ದ. ಉಳಿದ ತಾಯಿತಂದೆಯರು ಅದನ್ನು ಏನೋ ಮಂತ್ರವೆಂದು ತಿಳಿದಿದ್ದರು. ಸೆಪ್ಟೆಂಬರಿನ ಕೊನೆಗೆ ಶಾಲೆಗೆ ರಜೆ ಬಂತು. ಅಪ್ಪ ಊರಿಗೆ ಮರಳುವ ದಾರಿಯಲ್ಲಿ ಒಂದು ವಾರ ಜಪಾನಿನಲ್ಲಿ ಇಳಿಯುವುದೆಂದು ಮೊಮ್ಮಗಳು, ಅಜ್ಜ, ಸಚಿಕೊ ಮೂವರೇ ನಿಶ್ಚಯ ಮಾಡಿದ್ದರು. ನಮಗೆ ತಿಳಿಸಿದ್ದು ಕೊನೆಯಲ್ಲಿ. ಸಚಿಕೊ ವೀಸಾಕ್ಕೆ ಆಮಂತ್ರಣ ಪತ್ರ ಕಳಿಸಿದಳು, ಸಂಬಂಧ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ಒಂದು ದಿನ ತಡ ಮಾಡಿದಳು. ಧೋತರ, ಕೋಟು, ಬೂಟಿನಲ್ಲಿ ಅಪ್ಪ ಆಕ್ಲೆಂಡಿನಲ್ಲಿ ವಿಮಾನ ಹತ್ತಿದ, ಪಕ್ಕದಲ್ಲಿ ಅವನಿಗಿಂತ ಒಂದು ಗೇಣು ಎತ್ತರದ ಇಂಚರ.

ಅಲ್ಲಿಂದ ಒಂದೆರಡು ಚಿತ್ರಗಳು ಬಂದವು. ತೋಫು ಅಂಗಡಿಯ ಮುಂದೆ ಬಿಳಿ ಏಪ್ರನ್ನು ಕಟ್ಟಿಕೊಂಡು ನಿಂತ ಅಪ್ಪ. ಕಾರ್ಖಾನೆಯ ಗೇಟಿನ ಹತ್ತಿರ ನಿವೃತ್ತ ಕೆಲಸಗಾರರ ಜೊತೆ ನಿಂತ ಅಪ್ಪ, ಎಲ್ಲರೂ ಕೈಯಲ್ಲಿ ಏನೋ ಅಳತೆ ತೋರಿಸುತ್ತಿದ್ದರು. ಆಟದ ದಿನ ಸಂಜೆ ತಡೆಯಲಾಗದೆ ನಾನೇ ಇಂಚರಳ ನಂಬರಿಗೆ ಕರೆ ಮಾಡಿದೆ. ಆಟ ಆಗಷ್ಟೇ ಮುಗಿದಿತ್ತು. ಒಂದು-ಒಂದು, ಸಮ. ಹಿಂದೆ ಗದ್ದಲ. ಅವಳು ಫೋನನ್ನು ಅಜ್ಜನಿಗೆ ಕೊಟ್ಟಳು. ಹ್ಯಾಂಗಿತ್ತು ಅಪ್ಪಾ ಎಂದೆ. ಆ ಕಡೆ ಯಾರೋ ಅವನಿಗೆ ಜಪಾನೀಯಲ್ಲಿ ಏನೋ ಹೇಳುತ್ತಿದ್ದರು, ಅವನು ಅವರಿಗೆ ಕನ್ನಡದಲ್ಲಿ ಬಂದೆ, ಬಂದೆ ಅನ್ನುತ್ತಿದ್ದ.

“ತಮ್ಮಾ, ಆಮ್ಯಾಲೆ ಮಾತಾಡ್ತೀನಿ,” ಎಂದ. “ಎಲ್ಲಾರೂ ಚಾಪಿ ಮಡಚಾಕತ್ತಾರ. ಇಲ್ಲೆ ಕೆಲಸ ಐತಿ.” ಫೋನು ಇಟ್ಟುಬಿಟ್ಟ.

ಇಪ್ಪತ್ತು ವರ್ಷದಿಂದ ಪ್ರತಿ ರವಿವಾರ ನಾನು ಅಪ್ಪನಿಗೆ ಫೋನು ಮಾಡುತ್ತಾ ಬಂದಿದ್ದೇನೆ. ಮಾತು ಮುಗಿದರೂ ಅವನು ಎಂದೂ ಮೊದಲು ಇಡುವುದಿಲ್ಲ. ‘ಮತ್ತ?’ ಅನ್ನುತ್ತಾನೆ, ಸುಮ್ಮನೆ ಹಿಡಿದುಕೊಂಡಿರುತ್ತಾನೆ. ಹಾಗಾದರೆ ಇಡಲೇನಪ್ಪಾ ಎಂದು ನಾನೇ ಹೇಳಬೇಕು, ಹೇಳಿದ ಮೇಲೆ ಆ ದಿನವೆಲ್ಲ ಏನೋ ಕಳ್ಳತನ ಮಾಡಿದವನ ಹಾಗಿರುತ್ತೇನೆ. ಅವತ್ತು ಸದ್ದಿಲ್ಲದ ಫೋನನ್ನು ಕಿವಿಯ ಹತ್ತಿರ ಹಿಡಿದುಕೊಂಡು ಹಿತ್ತಲಿನಲ್ಲಿ ನಿಂತಿದ್ದೆ. ರೇಖಾ ಬಾಗಿಲಲ್ಲಿ ಬಂದು, ಮಾವ ಏನಂದ್ರು ಎಂದು ಕೇಳಿದಳು.

“ಕೆಲಸ ಐತಂತ,” ಎಂದೆ.